ಕಡಲಿನಲ್ಲಿ ಕಂಡ ಹೆರಳು

ಸಮುದ್ರದ ದಂಡೆಯಲ್ಲಿ ಅಡ್ಡಾಡುವವರು ಒಮ್ಮೊಮ್ಮೆ ಅಲೆಗಳು ಎಸೆದುಹೋದ ಲೋಳೆಯ ಮುದ್ದೆಯೊಂದನ್ನು ಕಾಣುವುದುಂಟು. ಅದಕ್ಕೆ ಇಂಥದೇ ಎಂಬ ಆಕಾರವಿರುವುದಿಲ್ಲ. ಬಣ್ಣವೂ ಇದ್ದೂ ಇಲ್ಲದಂತೆ ತೋರುತ್ತದೆ. ಹೊತ್ತೇರಿದಂತೆ ಅದು ಮರಳಿನ ಮೇಲೆ ತೇವದ ಗುರುತೊಂದನ್ನು ಉಳಿಸಿ ಅಳಿದುಹೋಗುತ್ತದೆ. ಕನ್ನಡದಲ್ಲಿ ಇದನ್ನು ಅಂಬಲಿಮೀನು ಎಂದು ಕರೆದಿದ್ದಾರೆ. ಇದು ಮೀನಿನ ಜಾತಿಗೆ ಸೇರಿದುದಲ್ಲವಾದರೂ ಅಂಬಲಿ ಎಂಬ ಮಾತು ದಡದ ಮೇಲಿನ ಅದರ ಸ್ಥಿತಿಗೆ ಚೆನ್ನಾಗಿಯೇ ಒಪ್ಪುತ್ತದೆ. ಆದರೆ ಅದೇ ಜೀವಿಯನ್ನು ನೀರಿನೊಳಗೆ ನೋಡಿದವರಿಗೆ ಈ ಹೆಸರು ಸಾಲದೆಂದು ಅನ್ನಿಸೀತು. ಅಲ್ಲಿ ಅದು ಗಾಜಿನ ಕೊಡೆಯಂತೆ ಅರಳಿ, ಮುಚ್ಚಿ, ಮತ್ತೆ ಅರಳಿ ಚಲಿಸುತ್ತಿರುತ್ತದೆ. ಕೊಡೆಯ ಅಂಚಿನಿಂದ ಇಳಿದ ಎಳೆಗಳು ನೀರಿನ ಓಟಕ್ಕೆ ಹರಡಿ ತೊನೆಯುತ್ತಿರುತ್ತವೆ. ಬೆಳಕು ಅದರ ಮೈಯೊಳಗೆ ಹೊಕ್ಕು ಹೊರಬರುತ್ತದೆ.

ಈ ಜೀವಿಯನ್ನು ನೀರಿನೊಳಗಿದ್ದ ಚೆಲುವಿನಲ್ಲಿಯೇ ಕಾಗದದ ಮೇಲೆ ಇಳಿಸಿ ಲೋಕವೆಲ್ಲ ನೋಡುವಂತೆ ಮಾಡಿದವನು ಜರ್ಮನಿಯ ಪ್ರಾಣಿವಿಜ್ಞಾನಿ ಎರ್ನ್ಸ್ಟ್ ಹೆಕೆಲ್. ಡಾರ್ವಿನ್ನನ ವಿಕಾಸವಾದವನ್ನು ಜರ್ಮನಿಯಲ್ಲಿ ಮನೆಮಾತಾಗಿ ಮಾಡಿದವನೆಂದೂ ಪರಿಸರವಿಜ್ಞಾನಕ್ಕೆ ಹೆಸರಿಟ್ಟವನೆಂದೂ ಆತನಿಗೆ ಕೀರ್ತಿಯುಂಟು. ಚಿತ್ರಗಳನ್ನು ತನ್ನ ವಾದಕ್ಕೆ ತಕ್ಕಂತೆ ತಿದ್ದಿದನೆಂಬ ಅಪಕೀರ್ತಿಯೂ ಆತನಿಗೆ ತಪ್ಪಲಿಲ್ಲ. ಈ ಕೀರ್ತಿ ಅಪಕೀರ್ತಿಗಳೆರಡಕ್ಕೂ ಮೂಲವಾದುದು ಆತನ ಕಣ್ಣು. ಆ ಕಣ್ಣು ಹೇಗೆ ಬೆಳೆಯಿತು, ಯಾವ ದುಃಖದಲ್ಲಿ ಹದಗೊಂಡಿತು, ಎಲ್ಲಿ ದಾರಿ ತಪ್ಪಿತು ಎಂಬುದನ್ನು ನೆನೆಯುವುದೇ ಈ ಲೇಖನದ ಉದ್ದೇಶ.

ಹೆಕೆಲನು 1834ನೆಯ ಇಸವಿ ಫೆಬ್ರವರಿ 16ರಂದು ಪೋಟ್ಸ್‌ಡಾಮ್ ನಗರದಲ್ಲಿ ಹುಟ್ಟಿದನು. ತಂದೆ ಸರಕಾರದ ಉನ್ನತ ಅಧಿಕಾರಿ, ಕಾನೂನು ಬಲ್ಲವರು. ಬಾಲ್ಯ ಕಳೆದುದು ಮೆರ್ಸೆಬುರ್ಗ್ ಎಂಬ ಪಟ್ಟಣದಲ್ಲಿ. ಗಿಡಗಳನ್ನು ಕಿತ್ತು ತಂದು ಒಣಗಿಸಿ ಹಾಳೆಗಂಟಿಸುವುದು ಹುಡುಗನ ಮೆಚ್ಚಿನ ಕೆಲಸವಾಗಿತ್ತು. ಹುಂಬೋಲ್ಟನ ಪ್ರವಾಸಗ್ರಂಥಗಳನ್ನು ಓದಿ ದೂರದ ಉಷ್ಣವಲಯದ ಕಾಡು ಕಡಲುಗಳ ಕನಸು ಕಾಣುತ್ತಿದ್ದನು. ಸಸ್ಯಶಾಸ್ತ್ರಜ್ಞನಾಗಬೇಕೆಂಬುದು ಮಗನ ಆಸೆ. ಹೊಟ್ಟೆಗೆ ಹಿಟ್ಟು ಕೊಡುವ ವೈದ್ಯವೃತ್ತಿಯನ್ನು ಕಲಿಯಲೆಂಬುದು ತಂದೆಯ ನಿಶ್ಚಯ. ತಂದೆಯ ಮಾತೇ ನಡೆಯಿತು. ವುರ್ತ್ಸ್‌ಬುರ್ಗಿನಲ್ಲಿಯೂ ಬರ್ಲಿನ್ನಿನಲ್ಲಿಯೂ ಆತನು ವೈದ್ಯಶಾಸ್ತ್ರವನ್ನು ಓದಿದನು. ರೋಗಿಗಳ ನರಳಿಕೆ ಆತನಿಗೆ ಸಹಿಸದು. ಸೂಕ್ಷ್ಮದರ್ಶಕದ ಮುಂದೆ ಕುಳಿತರೆ ಮಾತ್ರ ಹೊತ್ತು ಹೋದುದೇ ತಿಳಿಯದು. ಒಂದು ಕಣ್ಣನ್ನು ಮಸೂರಕ್ಕೆ ಹಚ್ಚಿ, ಮತ್ತೊಂದು ಕಣ್ಣಿನಿಂದ ಕಾಗದವನ್ನು ನೋಡುತ್ತ, ಕಂಡುದನ್ನು ಕಂಡ ಹಾಗೆ ಬರೆಯುವ ಕೌಶಲವನ್ನು ಆತನು ಆ ದಿನಗಳಲ್ಲಿಯೇ ಸಾಧಿಸಿಕೊಂಡನು.

1854ರಲ್ಲಿ ಒಂದು ಸುಯೋಗ ಒದಗಿತು. ಬರ್ಲಿನ್ನಿನ ಪ್ರಸಿದ್ಧ ಅಂಗರಚನಾಶಾಸ್ತ್ರಜ್ಞ ಯೊಹಾನೆಸ್ ಮ್ಯುಲರ್, ಬೇಸಿಗೆಯ ರಜೆಯಲ್ಲಿ ಉತ್ತರಸಮುದ್ರದ ಹೆಲ್ಗೊಲಾಂಡ್ ದ್ವೀಪದಲ್ಲಿ ಈ ಶಿಷ್ಯನಿಗೆ ಕಡಲಿನ ಪಾಠವನ್ನು ಹೇಳಿಕೊಟ್ಟನು. ಪಾಠಕ್ಕೆ ಬೇಕಾದುದು ಒಂದು ದೋಣಿ, ನಯವಾದ ಬಟ್ಟೆಯಿಂದ ಹೊಲಿದ ಒಂದು ಸಣ್ಣ ಬಲೆ, ಒಂದು ಗಾಜಿನ ಪಾತ್ರೆ, ಇಷ್ಟೇ. ಬಲೆಯನ್ನು ನೀರಿನ ಮೇಲ್ಪದರದಲ್ಲಿ ಎಳೆದು ಪಾತ್ರೆಯಲ್ಲಿ ಅದ್ದಿದರೆ, ಬರಿಗಣ್ಣಿಗೆ ಬರಿಯ ನೀರಾಗಿ ತೋರುತ್ತಿದ್ದುದರಲ್ಲಿ ಒಂದು ಲೋಕವೇ ಓಡಾಡುತ್ತಿತ್ತು. ಹೆಕೆಲನಿಗೆ ಆಗ 20 ವರ್ಷ. ಅಂಬಲಿಮೀನುಗಳೊಂದಿಗೆ ಆತನು ಬೆಳೆಸಿದ ಸ್ನೇಹಕ್ಕೆ ಮೊದಲಾದುದು ಆ ಬೇಸಿಗೆಯಲ್ಲಿ.

ಈ ಜೀವಿಯ ರಚನೆಯನ್ನು ಇಲ್ಲಿ ಒಂದಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ಇದರ ಮೈಯಲ್ಲಿ ನೂರಕ್ಕೆ ಸುಮಾರು 95 ಪಾಲು ನೀರು. ಮೂಳೆಯಿಲ್ಲ, ರಕ್ತವಿಲ್ಲ, ಹೃದಯವಿಲ್ಲ, ಮಿದುಳೂ ಇಲ್ಲ. ಎರಡು ತೆಳುವಾದ ಜೀವಕೋಶದ ಪದರಗಳು, ಅವುಗಳ ನಡುವೆ ತುಂಬಿದ ಲೋಳೆ: ಇಷ್ಟರಿಂದಲೇ ಅದರ ದೇಹ ಆಗಿದೆ. ಹಾಗೆಂದು ಅದು ಜಡವಲ್ಲ. ಬಲೆಯಂತೆ ಹರಡಿದ ನರಗಳು ಕೊಡೆಯ ಬಡಿತವನ್ನು ನಡೆಸುತ್ತವೆ. ಕೊಡೆಯ ಅಂಚಿನಲ್ಲಿರುವ ಸಣ್ಣ ಅಂಗಗಳು ಮೇಲು ಕೆಳಗುಗಳನ್ನು ತಿಳಿಸುತ್ತವೆ; ಬೆಳಕು ಕತ್ತಲೆಗಳನ್ನು ತಿಳಿಯುವ ಅಂಗಗಳೂ ಹಲವು ಜಾತಿಗಳಲ್ಲಿವೆ. ಇಳಿಬಿದ್ದ ಎಳೆಗಳಲ್ಲಿ ಸಾವಿರಾರು ಕುಟುಕುಕಣಗಳಿವೆ. ಒಂದೊಂದು ಕಣದಲ್ಲಿಯೂ ಸುರುಳಿ ಸುತ್ತಿಟ್ಟ ವಿಷದ ದಾರವೊಂದು ಅಡಗಿರುತ್ತದೆ. ಏನಾದರೂ ಸೋಂಕಿದೊಡನೆ ಅದು ಹೊರಚಿಮ್ಮಿ ಬೇಟೆಯ ಮೈಗೆ ನಾಟುತ್ತದೆ. ಈ ಬಳಗಕ್ಕೇ ಸೇರಿದ ಹೈಡ್ರ ಎಂಬ ಜೀವಿಯಲ್ಲಿ ಅಳೆದು ನೋಡಿದಾಗ, ಆ ಚಿಮ್ಮುವಿಕೆಯ ಮುಖ್ಯ ಘಟ್ಟ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಕಾಲದಲ್ಲಿ ಮುಗಿದುಹೋಗುವುದೆಂದು ಕಂಡುಬಂದಿದೆ. ದಡದಲ್ಲಿ ಸತ್ತಂತೆ ಬಿದ್ದ ಅಂಬಲಿಮೀನನ್ನು ಮುಟ್ಟಿದವರ ಕೈಯೂ ಉರಿಯುವುದಕ್ಕೆ ಕಾರಣ ಇದೇ. ಯಜಮಾನನ ಪ್ರಾಣ ಹೋದರೂ ಕಾವಲುಗಾರರು ತಮ್ಮ ಕೆಲಸವನ್ನು ಬಿಡುವುದಿಲ್ಲ!

ಓದು ಮುಗಿದು ಹೆಕೆಲನು 1858ರಲ್ಲಿ ವೈದ್ಯನಾದನು. ರೋಗಿಗಳನ್ನು ನೋಡುವ ವೇಳೆಯನ್ನು ಬೆಳಗಿನ ಜಾವ 5ರಿಂದ 6ರವರೆಗೆ ಇಟ್ಟುಕೊಂಡನೆಂದೂ, ಒಂದು ವರ್ಷದಲ್ಲಿ ಮೂವರೇ ರೋಗಿಗಳು ಬಂದರೆಂದೂ ಪ್ರತೀತಿ. ಅದೇ ವರ್ಷ ಸೋದರಮಾವನ ಮಗಳಾದ ಅನ್ನಾ ಸೇಥೆಯೊಂದಿಗೆ ಆತನ ಮದುವೆ ನಿಶ್ಚಯವಾಯಿತು. ಚೆಂಬೊನ್ನಿನ ಕೂದಲಿನ, ನಗುಮೊಗದ, ಕಾಡುಮೇಡುಗಳನ್ನು ಆತನಷ್ಟೇ ಪ್ರೀತಿಸುತ್ತಿದ್ದ ಹುಡುಗಿ ಆಕೆ. ಆದರೆ ಮದುವೆಯಾಗಲು ಒಂದು ಸ್ಥಿರವಾದ ಉದ್ಯೋಗ ಬೇಕು. ಉದ್ಯೋಗಕ್ಕೆ ಒಂದು ಒಳ್ಳೆಯ ಸಂಶೋಧನೆ ಬೇಕು. ಅದನ್ನು ಅರಸಿ 1859ರಲ್ಲಿ ಆತನು ಇಟಲಿಗೆ ಹೋದನು.

ಇಟಲಿ ಆತನನ್ನು ಮೊದಲು ಕೆಡಿಸಿತೆಂದೇ ಹೇಳಬೇಕು. ಹೆರ್ಮನ್ ಆಲ್ಮರ್ಸ್ ಎಂಬ ಕವಿಯ ಸ್ನೇಹವಾಯಿತು. ಇಬ್ಬರೂ ಕಾಪ್ರಿ ದ್ವೀಪದಲ್ಲಿ ಅಲೆದರು. ಹೆಕೆಲನು ಸೂಕ್ಷ್ಮದರ್ಶಕವನ್ನು ಮೂಲೆಗಿಟ್ಟು ಕುಂಚವನ್ನು ಹಿಡಿದನು. ವಿಜ್ಞಾನವನ್ನು ಬಿಟ್ಟು ಚಿತ್ರಕಾರನಾಗಿಬಿಡುವ ಆಲೋಚನೆ ಆತನ ಮನಸ್ಸಿನಲ್ಲಿ ಬಲವಾಗಿಯೇ ಬೇರೂರಿತ್ತು. ಕೊನೆಗೆ ಕರ್ತವ್ಯಬುದ್ಧಿ ಗೆದ್ದು, ಆ ಚಳಿಗಾಲ ಸಿಸಿಲಿಯ ಮೆಸ್ಸೀನಾ ಬಂದರಿನಲ್ಲಿ ಬೀಡುಬಿಟ್ಟನು. ಅಲ್ಲಿ ಆತನ ಬಲೆಗೆ ಸಿಕ್ಕಿದುದು ರೇಡಿಯೋಲೇರಿಯ ಎಂಬ ಏಕಕೋಶ ಜೀವಿಗಳು. ಕಣ್ಣಿಗೆ ಕಾಣದಷ್ಟು ಸಣ್ಣವಾದರೂ ಅವು ತಮ್ಮ ಮೈಯಲ್ಲಿ ಕಟ್ಟಿಕೊಳ್ಳುವ ಸಿಲಿಕದ ಜಾಲರಿಗಳು ಅಕ್ಕಸಾಲಿಗರನ್ನು ನಾಚಿಸುವಂಥವು. ನೂರಕ್ಕೂ ಹೆಚ್ಚು ಹೊಸ ಜಾತಿಗಳನ್ನು ಆತನು ಗುರುತಿಸಿದನು. ಚಿತ್ರಕಾರನೂ ವಿಜ್ಞಾನಿಯೂ ಒಂದೇ ಮೇಜಿಗೆ ಕುಳಿತು ಕೆಲಸ ಮಾಡಬಹುದೆಂಬುದು ಆತನಿಗೆ ಆಗ ತಿಳಿಯಿತು. 1862ರಲ್ಲಿ ಆ ಗ್ರಂಥ ಪ್ರಕಟವಾಯಿತು. ಯೇನಾ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕಪದವಿ ದೊರೆಯಿತು. ಆಗಸ್ಟ್ ತಿಂಗಳಿನಲ್ಲಿ ಅನ್ನಾಳೊಂದಿಗೆ ವಿವಾಹವೂ ಆಯಿತು.

ಆ ದಾಂಪತ್ಯ ಒಂದೂವರೆ ವರ್ಷದ್ದು. 1864ನೆಯ ಫೆಬ್ರವರಿ 16 ಹೆಕೆಲನ ಮೂವತ್ತನೆಯ ಹುಟ್ಟುಹಬ್ಬ. ರೇಡಿಯೋಲೇರಿಯಗಳನ್ನು ಕುರಿತ ಗ್ರಂಥಕ್ಕಾಗಿ ಜರ್ಮನಿಯ ಲಿಯೋಪೋಲ್ಡಿನ ವಿದ್ವತ್ಸಂಸ್ಥೆಯ ಪದಕ ಆತನಿಗೆ ಸಂದುದು ಅದೇ ದಿನ. ಅದೇ ದಿನ, ಹಠಾತ್ತಾಗಿ ಬಂದ ಕಾಯಿಲೆಯಿಂದ ಅನ್ನಾ ತೀರಿಕೊಂಡಳು. ಹೆಕೆಲನು ಹಾಸಿಗೆ ಹಿಡಿದನು. ಬುದ್ಧಿಯೇ ಕೆಟ್ಟೀತೆಂದು ಮನೆಯವರು ಭಯಪಟ್ಟರು. ದಯಾಮಯನಾದ ದೇವರೊಬ್ಬನು ಮನುಷ್ಯರ ಬಾಳನ್ನು ನೋಡಿಕೊಳ್ಳುತ್ತಿದ್ದಾನೆಂಬ ನಂಬಿಕೆ ಆತನಲ್ಲಿ ಅದುವರೆಗೆ ಅಷ್ಟೋ ಇಷ್ಟೋ ಉಳಿದಿದ್ದುದು ಅಂದಿಗೆ ಮುರಿದುಬಿತ್ತು. ಮುಂದೆ ಬಾಳಿದ ಐವತ್ತೈದು ವರ್ಷಗಳಲ್ಲಿ ಹುಟ್ಟುಹಬ್ಬವೆಂಬುದು ಆತನಿಗೆ ಹಬ್ಬವಾಗಲಿಲ್ಲ.

ಮನೆಯವರು ಆತನನ್ನು ದಕ್ಷಿಣ ಫ್ರಾನ್ಸಿನ ನೀಸ್ ನಗರದ ಕಡೆಗೆ ಕಳುಹಿಸಿದರು. ಅಲ್ಲಿಗೆ ಸಮೀಪದ ವಿಲ್‌ಫ್ರಾಂಶ್ ಎಂಬಲ್ಲಿ ಮೆಡಿಟರೇನಿಯನ್ ಸಮುದ್ರ ಒಳಚಾಚಿ ಒಂದು ಶಾಂತವಾದ ಕೊಲ್ಲಿಯಾಗಿದೆ. ಅದರ ದಡದಲ್ಲಿ ಗುರಿಯಿಲ್ಲದೆ ಅಲೆಯುತ್ತಿದ್ದ ಹೆಕೆಲನಿಗೆ ನೀರಿನಲ್ಲಿ ಒಂದು ಅಂಬಲಿಮೀನು ಕಂಡಿತು. ಪುಟ್ಟದಾದ, ಪಾರದರ್ಶಕವಾದ ಗಂಟೆಯಂಥ ದೇಹ. ಅಂಚಿನಿಂದ ಹೊಂಬಣ್ಣದ ನವುರಾದ ಎಳೆಗಳು ಇಳಿದು ಅಲೆಯಾಡುತ್ತಿದ್ದವು. ಆತನಿಗೆ ಅನ್ನಾಳ ಬಿಚ್ಚಿದ ಹೆರಳನ್ನು ನೋಡಿದಂತಾಯಿತು. ಎಷ್ಟೋ ಹೊತ್ತು ಅದನ್ನೇ ನೋಡುತ್ತ ನಿಂತನು. ಅದು ವಿಜ್ಞಾನಕ್ಕೆ ಹೊಸ ಜಾತಿ ಎಂಬುದು ತಿಳಿದಾಗ, ಅದಕ್ಕೆ ಮಿಟ್ರೋಕೋಮ ಅನ್ನೇ, ಎಂದರೆ ಅನ್ನಾಳ ಮಿಟ್ರೋಕೋಮ, ಎಂದು ಹೆಸರಿಟ್ಟನು.

ಸಾಹಿತ್ಯದ ವಿದ್ಯಾರ್ಥಿಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ವಿಜ್ಞಾನಿಗಳು ಅಂಬಲಿಮೀನಿಗೆ ಮೆಡ್ಯೂಸ ಎಂದು ಹೇಳುತ್ತಾರೆ. ಇದು ಸ್ವೀಡನ್ನಿನ ಲಿನೇಯಸನು ಹದಿನೆಂಟನೆಯ ಶತಮಾನದಲ್ಲಿ ಇಟ್ಟ ಹೆಸರು. ಗ್ರೀಕರ ಪುರಾಣದಲ್ಲಿ ಮೆಡ್ಯೂಸ ಎಂಬವಳು ತಲೆಗೂದಲೆಲ್ಲ ಹಾವುಗಳಾಗಿದ್ದ ಘೋರರೂಪಿಣಿ. ಅವಳ ಮುಖವನ್ನು ನೋಡಿದವರು ಕಲ್ಲಾಗುತ್ತಿದ್ದರಂತೆ. ಜೋತುಬಿದ್ದ ವಿಷದ ಎಳೆಗಳು ಒಬ್ಬ ಪಂಡಿತನಿಗೆ ಹಾವುಗಳಂತೆ ತೋರಿದವು; ನೂರು ವರ್ಷದ ಮೇಲೆ ಅಂಥವೇ ಎಳೆಗಳು ಮತ್ತೊಬ್ಬ ಪಂಡಿತನಿಗೆ ಗತಿಸಿದ ಮಡದಿಯ ಹೆರಳಾಗಿ ಕಂಡವು. ಅಗಲಿದವಳ ಚಹರೆಯನ್ನು ಬಳ್ಳಿಯಲ್ಲಿಯೂ ನವಿಲುಗರಿಯಲ್ಲಿಯೂ ನದಿಯ ತೆರೆಯಲ್ಲಿಯೂ ಅರಸುವ ವಿರಹಿಗಳು ನಮ್ಮ ಕಾವ್ಯಗಳಿಗೆ ಹೊಸಬರಲ್ಲ. ಆದರೆ ಆ ಅರಸುವಿಕೆ ಪ್ರಾಣಿವಿಜ್ಞಾನದ ಪಟ್ಟಿಯೊಳಗೆ ಒಂದು ಹೆಸರಾಗಿ ನಿಂತುದು ಅಪರೂಪವೇ ಸರಿ.

ದುಃಖವನ್ನು ಮರೆಯಲು ಹೆಕೆಲನಿಗೆ ಗೊತ್ತಿದ್ದ ಮದ್ದು ದುಡಿಮೆ ಒಂದೇ. ಯೇನಾಕ್ಕೆ ಹಿಂದಿರುಗಿ ಹಗಲು ರಾತ್ರಿ ಎನ್ನದೆ ಬರೆದನು. 1866ರಲ್ಲಿ ಜೀವಿಗಳ ರೂಪವನ್ನು ಕುರಿತ ಸಾಮಾನ್ಯಶಾಸ್ತ್ರ ಎರಡು ದಪ್ಪ ಸಂಪುಟಗಳಲ್ಲಿ ಹೊರಬಂದಿತು. ಡಾರ್ವಿನ್ನನ ತತ್ತ್ವದ ಬೆಳಕಿನಲ್ಲಿ ಸಕಲ ಜೀವರಾಶಿಯನ್ನೂ ಒಂದು ವಂಶವೃಕ್ಷವಾಗಿ ಜೋಡಿಸುವ ಸಾಹಸ ಅದು. ಅದರಲ್ಲಿ ಆತನು ಟಂಕಿಸಿದ ಹೊಸ ಶಬ್ದಗಳು ಹಲವು. ಒಂದು ಶಬ್ದ ಮಾತ್ರ ಇಂದು ಲೋಕದ ಎಲ್ಲ ಭಾಷೆಗಳನ್ನೂ ಹೊಕ್ಕಿದೆ. ಗ್ರೀಕಿನಲ್ಲಿ ಮನೆ ಎಂಬ ಅರ್ಥದ ಮಾತಿನಿಂದ ಆತನು ಇಕಾಲಜಿ ಎಂಬ ಹೆಸರನ್ನು ಕಟ್ಟಿ, ಜೀವಿಗೂ ಅದರ ಸುತ್ತಲಿನ ಲೋಕಕ್ಕೂ ಇರುವ ಸಂಬಂಧಗಳ ಶಾಸ್ತ್ರಕ್ಕೆ ಕೊಟ್ಟನು. ತನ್ನ ಮನೆ ಬರಿದಾಗಿದ್ದ ಕಾಲದಲ್ಲಿ ಆತನು ಜೀವರಾಶಿಯ ಮನೆಯನ್ನು ಕುರಿತು ಚಿಂತಿಸುತ್ತಿದ್ದನು. ಆ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಹೋಗಿ ಡಾರ್ವಿನ್ನನನ್ನು ಆತನ ಮನೆಯಲ್ಲಿಯೇ ಕಂಡನು. ಅಲ್ಲಿಂದ ಕ್ಯಾನರಿ ದ್ವೀಪಗಳಿಗೆ ಹೋಗಿ, ಅಂಬಲಿಮೀನುಗಳ ಬಂಧುಗಳಾದ ಸೈಫನೋಫೋರಗಳನ್ನು ಪರೀಕ್ಷಿಸಿದನು. ಇವು ನೂರಾರು ಜೀವಿಗಳು ಒಂದೇ ದೇಹವಾಗಿ ಬಾಳುವ ಸಮೂಹಗಳು. ಒಬ್ಬನಿಗೆ ಈಜುವ ಕೆಲಸ, ಒಬ್ಬನಿಗೆ ಉಣ್ಣುವ ಕೆಲಸ, ಒಬ್ಬನಿಗೆ ಕುಟುಕುವ ಕೆಲಸ. 1867ರಲ್ಲಿ ಆತನು ಆಗ್ನೆಸ್ ಹುಶ್ಕೆ ಎಂಬವಳನ್ನು ಮದುವೆಯಾದನು. ಮೂವರು ಮಕ್ಕಳಾದರು. ಆದರೂ ಹಿಂದಿನ ನೆನಪು ಆ ಮನೆಯನ್ನು ಬಿಟ್ಟುಹೋಗಲಿಲ್ಲ.

1879ರಲ್ಲಿ ಮೆಡ್ಯೂಸಗಳ ವರ್ಗೀಕರಣವನ್ನು ಕುರಿತ ಆತನ ಮಹಾಗ್ರಂಥದ ಪ್ರಕಟಣೆ ಆರಂಭವಾಯಿತು. ಜೊತೆಗೆ 40 ಚಿತ್ರಫಲಕಗಳು. ಅದುವರೆಗೆ ತಿಳಿದಿದ್ದ ಜಾತಿಗಳನ್ನೂ ತಾನು ಕಂಡ ಹೊಸ ಜಾತಿಗಳನ್ನೂ ಕೂಡಿಸಿ ನೂರಾರು ಬಗೆಗಳನ್ನು ಅದರಲ್ಲಿ ಕ್ರಮಗೊಳಿಸಿದನು. ಈ ಕೆಲಸ ಎಷ್ಟು ತೊಡಕಿನದೆಂಬುದನ್ನು ತಿಳಿಯಬೇಕಾದರೆ ಅಂಬಲಿಮೀನಿನ ಜೀವನಕ್ರಮವನ್ನು ಅರಿಯಬೇಕು. ತೇಲುವ ಅಂಬಲಿಮೀನುಗಳಲ್ಲಿ ಸಾಮಾನ್ಯವಾಗಿ ಗಂಡು ಹೆಣ್ಣುಗಳು ಬೇರೆ ಬೇರೆ. ಅವುಗಳ ಮೊಟ್ಟೆಯಿಂದ ಹೊರಬರುವ ಮರಿ ಅಂಬಲಿಮೀನಾಗುವುದಿಲ್ಲ. ಅದು ತಳದ ಕಲ್ಲಿಗೋ ಚಿಪ್ಪಿಗೋ ಅಂಟಿಕೊಂಡು, ತುದಿಯಲ್ಲಿ ಬಾಯಿಯುಳ್ಳ ಒಂದು ಪುಟ್ಟ ಕಾಂಡದಂತೆ ಬೆಳೆಯುತ್ತದೆ. ಇದಕ್ಕೆ ಪಾಲಿಪ್ ಎಂದು ಹೆಸರು. ತಕ್ಕ ಋತು ಬಂದಾಗ, ದೊಡ್ಡ ಅಂಬಲಿಮೀನುಗಳ ಬಳಗದಲ್ಲಿ, ಈ ಕಾಂಡ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಅಡ್ಡಡ್ಡಲಾಗಿ ಸೀಳುತ್ತದೆ; ಒಂದೊಂದು ತಟ್ಟೆಯೂ ಬಿಡಿಸಿಕೊಂಡು ಈಜಿಹೋಗಿ ಅಂಬಲಿಮೀನಾಗುತ್ತದೆ. ಸಣ್ಣ ಮೆಡ್ಯೂಸಗಳಲ್ಲಿ ಪಾಲಿಪಿನ ಮೈಮೇಲೆ ಮೊಗ್ಗುಗಳಾಗಿ ಮರಿಗಳು ಮೂಡುತ್ತವೆ. ಹೀಗಾಗಿ ಮಗುವಿಗೆ ತಾಯಿಯ ಹೋಲಿಕೆಯಿಲ್ಲ, ಅಜ್ಜಿಯ ಹೋಲಿಕೆ. ಒಂದೇ ಜೀವಿಯ ಈ ಎರಡು ರೂಪಗಳಿಗೆ ಹಿಂದಿನವರು ಎಷ್ಟೋ ವೇಳೆ ಎರಡು ಹೆಸರುಗಳನ್ನು ಕೊಟ್ಟಿದ್ದರು.

ಆ ಗ್ರಂಥದಲ್ಲಿ ವರ್ಣಿತವಾದ ದೊಡ್ಡ ಜಾತಿಯೊಂದರ ಚೆಲುವಿಗೆ ಹೆಕೆಲನು ಮರುಳಾದನು. ಅದಕ್ಕೆ ಡೆಸ್ಮೊನೆಮ ಅನ್ನಾಸೇಥೆ ಎಂದು ಹೆಸರಿಟ್ಟನು. ಅನ್ನಾ ತೀರಿಹೋಗಿ ಆಗ ಹದಿನೈದು ವರ್ಷ ಕಳೆದಿತ್ತು. ಈ ಸಲ ಬರಿಯ ಅನ್ನಾ ಎಂದಲ್ಲದೆ ಆಕೆಯ ತವರಿನ ಹೆಸರನ್ನೂ ಸೇರಿಸಿ, ಇನ್ನಾರೂ ಬೇರೆ ಅನ್ನಾಳೆಂದು ತಿಳಿಯದಂತೆ ಮಾಡಿದನು.

1881ರಲ್ಲಿ ಬಾಲ್ಯದ ಕನಸು ಕೈಗೂಡಿತು. ಟ್ರಿಯೆಸ್ಟ್ ಬಂದರಿನಿಂದ ಹೊರಟ ಹೆಕೆಲನು ನವೆಂಬರಿನಲ್ಲಿ ಮುಂಬಯಿಗೆ ಬಂದಿಳಿದು, ಒಂದು ವಾರ ಅಲ್ಲಿದ್ದು, ಮತ್ತೆ ಹಡಗನ್ನೇರಿ ನಮ್ಮ ಪಶ್ಚಿಮ ಕರಾವಳಿಯ ಕಡಲಿನಲ್ಲಿ ದಕ್ಷಿಣಕ್ಕೆ ಸಾಗಿ ಕೊಲಂಬೊ ತಲುಪಿದನು. ಸಿಂಹಳದ ದಕ್ಷಿಣ ತೀರದ ವೆಲಿಗಾಮ ಎಂಬ ಹಳ್ಳಿಯಲ್ಲಿ ಪ್ರವಾಸಿಗಳ ತಂಗುಮನೆಯೇ ಆತನ ಪ್ರಯೋಗಶಾಲೆಯಾಯಿತು. ಹಳ್ಳಿಯ ಹೆಸರನ್ನು ಇಟಲಿಯ ಭಾಷೆಗೆ ಒಗ್ಗಿಸಿ ಚೆಲುವಾದ ರತ್ನವೆಂಬ ಅರ್ಥವನ್ನು ಅದರಲ್ಲಿ ಕಂಡುಕೊಂಡನು. ಕಡಲೇನೋ ಕೈತುಂಬ ಕೊಡುತ್ತಿತ್ತು. ಆದರೆ ಉಷ್ಣವಲಯದ ಬಿಸಿಲು ಅದನ್ನು ಉಳಿಸಗೊಡುತ್ತಿರಲಿಲ್ಲ. ಬೆಳಿಗ್ಗೆ ಹಿಡಿದ ನವುರಾದ ಮೆಡ್ಯೂಸಗಳು ದೋಣಿ ದಡಕ್ಕೆ ಬರುವಷ್ಟರಲ್ಲಿಯೇ ಪಾತ್ರೆಯಲ್ಲಿ ಅಳಿಯತೊಡಗುತ್ತಿದ್ದವು. ಕಂಡಾಗಲೇ ಬರೆದುಕೊಳ್ಳಬೇಕು, ಇಲ್ಲವಾದರೆ ಕಳೆದುಕೊಳ್ಳಬೇಕು. ಜೀವನ ಒಮ್ಮೆ ಆತನಿಗೆ ಕಲಿಸಿದ್ದ ಪಾಠವನ್ನೇ ಸಿಂಹಳದ ಕಡಲೂ ಕಲಿಸಿತು.

ಸಿಂಹಳದಿಂದ ಹಿಂದಿರುಗಿ ಯೇನಾದಲ್ಲಿ ಹೊಸ ಮನೆಯನ್ನು ಕಟ್ಟಿಸಿ ಅದಕ್ಕೆ ವಿಲ್ಲಾ ಮೆಡ್ಯೂಸ ಎಂದು ಹೆಸರಿಟ್ಟನು. ಅಲ್ಲಿ ಆತನು ಮುಗಿಸಿದ ಕೆಲಸದ ಮೊತ್ತವನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಚಾಲೆಂಜರ್ ಎಂಬ ಇಂಗ್ಲಿಷ್ ಹಡಗು 1872ರಿಂದ 1876ರವರೆಗೆ ಲೋಕದ ಸಾಗರಗಳನ್ನು ಸುತ್ತಿ ತಂದ ಸಂಗ್ರಹದಲ್ಲಿ ರೇಡಿಯೋಲೇರಿಯಗಳ ಪರೀಕ್ಷೆ ಆತನ ಪಾಲಿಗೆ ಬಂದಿತ್ತು. ಹತ್ತು ವರ್ಷ ದುಡಿದು 1887ರಲ್ಲಿ 140 ಫಲಕಗಳೊಂದಿಗೆ ಆತನು ಒಪ್ಪಿಸಿದ ವರದಿಯಲ್ಲಿ ಹೊಸ ಜಾತಿಗಳೇ ಸುಮಾರು 3,500. ಅದೇ ಹಡಗು ತಂದ ಆಳಸಮುದ್ರದ ಮೆಡ್ಯೂಸಗಳನ್ನೂ ಸೈಫನೋಫೋರಗಳನ್ನೂ ಕುರಿತ ವರದಿಗಳು ಬೇರೆ. ಬಳಿಕ 1899ರಿಂದ 1904ರವರೆಗೆ ಪ್ರಕೃತಿಯ ಕಲಾರೂಪಗಳು ಎಂಬ ಅರ್ಥದ ಹೆಸರಿನಲ್ಲಿ 100 ಚಿತ್ರಫಲಕಗಳ ಮಾಲೆಯನ್ನು ಕಂತುಕಂತಾಗಿ ಹೊರತಂದನು. ಆತನ ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವನು ಅಡಾಲ್ಫ್ ಗಿಲ್ಟ್‌ಷ್ ಎಂಬ ಕುಶಲಿ. ಎಂಟನೆಯ ಫಲಕದ ನಡುವೆ ಡೆಸ್ಮೊನೆಮ ಅನ್ನಾಸೇಥೆ ತನ್ನ ಎಳೆಗಳನ್ನೆಲ್ಲ ಹರಡಿಕೊಂಡು ಮೆರೆಯುತ್ತಿದೆ. ಈ ಚಿತ್ರಗಳು ಯೂರೋಪಿನ ಶಿಲ್ಪಿಗಳಿಗೂ ಅಲಂಕಾರಕಾರರಿಗೂ ಹೊಸ ಕಣ್ಣನ್ನು ಕೊಟ್ಟವು. 1900ರ ಪ್ಯಾರಿಸ್ ಮಹಾಪ್ರದರ್ಶನದ ಹೆಬ್ಬಾಗಿಲನ್ನು ರೆನೆ ಬಿನೆ ಎಂಬ ವಾಸ್ತುಶಿಲ್ಪಿ ಹೆಕೆಲನ ರೇಡಿಯೋಲೇರಿಯಗಳನ್ನು ನೋಡಿ ರೂಪಿಸಿದನು. ಮೊನಾಕೊದ ಸಾಗರವಿಜ್ಞಾನ ಸಂಗ್ರಹಾಲಯದಲ್ಲಿ ಆತನ ಮೆಡ್ಯೂಸವೇ ದೀಪದ ಗೊಂಚಲಾಗಿ ತೂಗುತ್ತಿದೆ.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಕಥೆ ಸುಂದರವಾದೀತು, ಸತ್ಯವಾಗದು. ನಮ್ಮ ಆಲಂಕಾರಿಕರು ಕವಿಸಮಯ ಎಂಬುದೊಂದನ್ನು ಒಪ್ಪಿದ್ದಾರೆ. ಚಕೋರ ಬೆಳುದಿಂಗಳನ್ನು ಕುಡಿದು ಬಾಳುತ್ತದೆ. ಹಂಸ ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ. ಇವು ವಸ್ತುಸ್ಥಿತಿಯಲ್ಲವೆಂದು ಕವಿಗೂ ಗೊತ್ತು, ಸಹೃದಯನಿಗೂ ಗೊತ್ತು. ಆದುದರಿಂದ ಅಲ್ಲಿ ಯಾರೂ ಮೋಸಹೋಗುವುದಿಲ್ಲ. ವಿಜ್ಞಾನದಲ್ಲಿ ಹಾಗಲ್ಲ. ಅಲ್ಲಿ ಓದುಗನು ಬರೆದವನ ಕಣ್ಣನ್ನು ನಂಬಿ ನಡೆಯುತ್ತಾನೆ. ಪ್ರತಿಯೊಂದು ಜೀವಿಯೂ ಭ್ರೂಣಾವಸ್ಥೆಯಲ್ಲಿ ತನ್ನ ಪೂರ್ವಜರ ಇತಿಹಾಸವನ್ನೆಲ್ಲ ಸಂಕ್ಷೇಪವಾಗಿ ಮತ್ತೆ ನಡೆಯುತ್ತದೆಂಬುದು ಹೆಕೆಲನ ಪ್ರಿಯವಾದ ಸಿದ್ಧಾಂತ. 1868ರಲ್ಲಿ ಪ್ರಕಟವಾದ ಸೃಷ್ಟಿಯ ಇತಿಹಾಸವೆಂಬ ಜನಪ್ರಿಯ ಗ್ರಂಥದಲ್ಲಿ, ನಾಯಿ ಕೋಳಿ ಆಮೆಗಳ ಎಳೆಯ ಭ್ರೂಣಗಳು ಒಂದೇ ತೆರನಾಗಿವೆಯೆಂದು ತೋರಿಸಲು, ಒಂದೇ ಅಚ್ಚನ್ನು ಮೂರು ಸಲ ಒತ್ತಿಸಿ ಮೂರು ಹೆಸರುಗಳನ್ನು ಬರೆಸಿದ್ದನು. ಸ್ವಿಟ್ಜರ್ಲೆಂಡಿನ ರ‍್ಯೂಟಿಮಾಯರ್ ಅದನ್ನು ಹಿಡಿದು ತೋರಿಸಿದನು. ಎರಡನೆಯ ಮುದ್ರಣದಲ್ಲಿ ಹೆಕೆಲನು ಅದನ್ನು ತಿದ್ದಿದನು. ಆದರೆ ಭ್ರೂಣಚಿತ್ರಗಳ ಸಾದೃಶ್ಯವನ್ನು ಅತಿಗೊಳಿಸುವ ಚಾಳಿಯನ್ನು ಬಿಡಲಿಲ್ಲ. 1874ರಲ್ಲಿ ವಿಲ್‌ಹೆಲ್ಮ್ ಹಿಸ್ ಇನ್ನೂ ಕಟುವಾಗಿ ಆಕ್ಷೇಪಿಸಿದನು. 1997ರಲ್ಲಿ ಮೈಕೆಲ್ ರಿಚರ್ಡ್‌ಸನ್ ಮತ್ತು ಸಂಗಡಿಗರು ನಿಜವಾದ ಭ್ರೂಣಗಳ ಛಾಯಾಚಿತ್ರಗಳನ್ನು ಆ ಹಳೆಯ ಚಿತ್ರಗಳ ಪಕ್ಕದಲ್ಲಿಟ್ಟಾಗ ವ್ಯತ್ಯಾಸ ಎಲ್ಲರಿಗೂ ಸ್ಪಷ್ಟವಾಯಿತು. ಪೂರ್ವಜರ ಇತಿಹಾಸ ಮರುಕಳಿಸುವುದೆಂಬ ಆತನ ನಿಯಮವನ್ನು ಆತನು ಹೇಳಿದ ರೂಪದಲ್ಲಿ ಇಂದಿನ ವಿಜ್ಞಾನ ಒಪ್ಪುವುದಿಲ್ಲ. ವಿಕಾಸವಾದವೇನೋ ಬೇರೆ ಬಲವಾದ ಆಧಾರಗಳ ಮೇಲೆ ನಿಂತಿದೆ. ಅದಕ್ಕೆ ಈ ತಿದ್ದುಪಡಿಯ ಸಹಾಯ ಬೇಕಾಗಿರಲಿಲ್ಲ.

ಇದಕ್ಕಿಂತ ದೊಡ್ಡದಾದ ದೋಷ ಇನ್ನೊಂದುಂಟು. ಜೀವಿಗಳನ್ನು ವೃಕ್ಷದಲ್ಲಿ ಜೋಡಿಸಿದಂತೆ ಮನುಷ್ಯ ಜನಾಂಗಗಳನ್ನೂ ಆತನು ಮೇಲು ಕೀಳೆಂದು ಜೋಡಿಸಿದನು. ಮೇಲಿನ ಕೊಂಬೆಯಲ್ಲಿ ತನ್ನವರನ್ನು ಕೂಡಿಸಿದನು. ದುರ್ಬಲರಾಗಿ ಹುಟ್ಟಿದ ಶಿಶುಗಳನ್ನು ಕೊಲ್ಲುತ್ತಿದ್ದ ಸ್ಪಾರ್ಟಾದವರ ಪದ್ಧತಿಯನ್ನು ಮೆಚ್ಚಿ ಬರೆದನು. ಇಂಥ ವಿಚಾರಗಳು ಮುಂದೆ ಜರ್ಮನಿಯಲ್ಲಿ ಯಾವ ಕೈಗಳಿಗೆ ಆಯುಧವಾದುವೆಂಬುದನ್ನು ಲೋಕ ಬಲ್ಲದು. ಮೂಳೆಯಿಲ್ಲದ, ಮಿದುಳಿಲ್ಲದ ಜೀವಿಯಲ್ಲಿ ಪ್ರಿಯೆಯ ಮುಖವನ್ನು ಕಂಡ ಕಣ್ಣು, ತನ್ನಂತೆಯೇ ಮಡದಿ ಮಕ್ಕಳಿಗಾಗಿ ಅಳಬಲ್ಲ ಮನುಷ್ಯರನ್ನು ಕಾಣಲಾರದೆ ಹೋಯಿತು. ಪ್ರೀತಿ ಆತನ ದೃಷ್ಟಿಯನ್ನು ಸೂಕ್ಷ್ಮಗೊಳಿಸಿತು. ಆದರೆ ತಾನು ಕಾಣಬಯಸಿದುದನ್ನೇ ಕಾಣುವ ಚಪಲವನ್ನೂ ಅದು ಜೊತೆಯಲ್ಲಿ ತಂದಿತೆಂದು ತೋರುತ್ತದೆ. ಕಡಲಿನ ಅಂಬಲಿಮೀನಿಗೆ ಹರಿದ ಅಂಚುಗಳುಂಟು, ಮೀನುಗಳು ಕಚ್ಚಿ ತುಂಡಾದ ಎಳೆಗಳುಂಟು. ಆತನ ಫಲಕಗಳಲ್ಲಿ ಒಂದು ಎಳೆಯಾದರೂ ತುಂಡಾಗಿಲ್ಲ.

ಹೆಕೆಲನು 1909ರವರೆಗೆ ಯೇನಾದಲ್ಲಿಯೇ ಪಾಠ ಹೇಳಿದನು. ವಿಕಾಸವನ್ನು ಜನಕ್ಕೆ ತೋರಿಸುವ ಸಂಗ್ರಹಾಲಯವೊಂದನ್ನು ಕಟ್ಟಿಸಿ 1908ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದನು. ಅದರ ಮೇಲ್ಚಾವಣಿಯಲ್ಲಿಯೂ ಮೆಡ್ಯೂಸಗಳ ಚಿತ್ರವಿದೆ. 1914ರಲ್ಲಿ ಮಹಾಯುದ್ಧ ತೊಡಗಿದಾಗ, ಜರ್ಮನಿಯ ಸೇನೆಯ ನಡತೆಯನ್ನು ಸಮರ್ಥಿಸಿದ 93 ವಿದ್ವಾಂಸರ ಹೇಳಿಕೆಗೆ ಆತನೂ ಸಹಿ ಹಾಕಿದನು. ಮರುವರ್ಷ ಆಗ್ನೆಸ್ ತೀರಿಕೊಂಡಳು. ಸೋತ ದೇಶದಲ್ಲಿ, ಮುಪ್ಪಿನಲ್ಲಿ, 1919ರ ಆಗಸ್ಟ್ 9ರಂದು ವಿಲ್ಲಾ ಮೆಡ್ಯೂಸದಲ್ಲಿ ಹೆಕೆಲನು ಕಣ್ಣು ಮುಚ್ಚಿದನು. ಆಗ ಆತನಿಗೆ 85 ವರ್ಷ. ಆ ಮನೆಯೇ ಮುಂದೆ ಆತನ ಸ್ಮಾರಕ ಸಂಗ್ರಹಾಲಯವಾಯಿತು.

ಆತನು ಹೆಸರಿಟ್ಟ ಶಾಸ್ತ್ರ ಇಂದು ಆತನ ಪ್ರಿಯಜೀವಿಯನ್ನೇ ಬೇರೊಂದು ಕಳವಳದಿಂದ ನೋಡುತ್ತಿದೆ. ಅಂಬಲಿಮೀನುಗಳು 50 ಕೋಟಿ ವರ್ಷಗಳಿಂದಲೂ ಸಾಗರದಲ್ಲಿವೆ. ಡೈನೊಸಾರುಗಳು ಬಂದುದನ್ನೂ ಹೋದುದನ್ನೂ ಕಂಡಿವೆ. ಒಮ್ಮೊಮ್ಮೆ ಅವು ಲೆಕ್ಕವಿಲ್ಲದಷ್ಟು ಸಂಖ್ಯೆಯಲ್ಲಿ ಕಿಕ್ಕಿರಿಯುವುದು ಹಿಂದಿನಿಂದಲೂ ಉಂಟು. ಆದರೆ ಮನುಷ್ಯನು ಕೆಲವು ಕಡಲುಗಳಲ್ಲಿ ಅವುಗಳಿಗೆ ಅನುಕೂಲವನ್ನೇ ಮಾಡಿಕೊಡುತ್ತಿದ್ದಾನೆ. ಮಿತಿಮೀರಿ ಮೀನು ಹಿಡಿದುದರಿಂದ ಆಹಾರಕ್ಕೆ ಪೈಪೋಟಿ ಮಾಡುವವರು ಕಡಿಮೆಯಾಗುತ್ತಾರೆ. ಹೊಲಗಳ ಗೊಬ್ಬರ ಹೊಳೆಗಳಲ್ಲಿ ಹರಿದು ಸಮುದ್ರ ಸೇರಿ ನೀರಿನ ಉಸಿರನ್ನು ಕುಗ್ಗಿಸುತ್ತದೆ. ಬಂದರಿನ ಕಟ್ಟೆಗಳು ಪಾಲಿಪ್‌ಗಳಿಗೆ ಅಂಟಿಕೊಳ್ಳಲು ಹೊಸ ನೆಲೆಯಾಗುತ್ತವೆ. ನೀರಿನ ಬಿಸಿಯೂ ಏರುತ್ತಿದೆ. 2009ರಲ್ಲಿ ಜಪಾನಿನ ಬಳಿ ದೈತ್ಯ ಅಂಬಲಿಮೀನುಗಳು ತುಂಬಿದ ಬಲೆಯನ್ನು ಎಳೆಯಲು ಹೋಗಿ ಹತ್ತು ಟನ್ನಿನ ದೋಣಿಯೊಂದು ಮಗುಚಿತು. 2013ರಲ್ಲಿ ಸ್ವೀಡನ್ನಿನ ಆಸ್ಕರ್ಷಾಮ್ನ್ ಪರಮಾಣು ವಿದ್ಯುದಾಗಾರದ ನೀರಿನ ಕೊಳವೆಗಳಲ್ಲಿ ಅಂಬಲಿಮೀನುಗಳು ಸಿಕ್ಕಿಕೊಂಡು ಒಂದು ಘಟಕವನ್ನೇ ನಿಲ್ಲಿಸಬೇಕಾಯಿತು. ಲೋಕದ ಎಲ್ಲ ಕಡಲುಗಳಲ್ಲಿಯೂ ಅವು ಹೆಚ್ಚುತ್ತಿವೆಯೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ. ಏರಿ ಇಳಿಯುವ ದೀರ್ಘ ಆವರ್ತಗಳೂ ಇವೆಯೆಂದು ಕೆಲವರು ತೋರಿಸಿದ್ದಾರೆ. ಅವು ಬರಿಯ ಉಪದ್ರವವೂ ಅಲ್ಲ. ಕಡಲಾಮೆಗಳಿಗೆ ಅವು ಆಹಾರ. ಎಷ್ಟೋ ಮರಿಮೀನುಗಳಿಗೆ ಅವುಗಳ ಕೊಡೆಯೇ ಆಶ್ರಯ. ಅಂಥದೊಂದು ಜೀವಿಯ ಹೊಳಪಿನಿಂದ ಒಸಾಮು ಶಿಮೊಮುರ ಬೇರ್ಪಡಿಸಿದ ಹಸಿರು ಪ್ರೋಟೀನು, ಜೀವಕೋಶದೊಳಗಿನ ಕ್ರಿಯೆಗಳನ್ನು ಕಣ್ಣಾರೆ ಕಾಣುವ ದೀಪವಾಗಿ, 2008ರಲ್ಲಿ ನೊಬೆಲ್ ಪಾರಿತೋಷಕಕ್ಕೆ ಕಾರಣವಾಯಿತು. ಆ ಜೀವಿಯನ್ನು ಪ್ರೇಯಸಿಯಾಗಿಯೂ ನೋಡದೆ, ರಾಕ್ಷಸಿಯಾಗಿಯೂ ನೋಡದೆ, ಅದು ಇದ್ದಂತೆ ನೋಡುವುದು ಇಂದಿನವರ ಪಾಲಿಗೆ ಬಂದ ಕೆಲಸ.

ಹೆಕೆಲನು ಕಟ್ಟಿದ ವರ್ಗೀಕರಣವನ್ನು ಮುಂದಿನವರು ಬಹುಮಟ್ಟಿಗೆ ಬಿಚ್ಚಿ ಬೇರೆಯಾಗಿ ಕಟ್ಟಿದ್ದಾರೆ. ಆತನು ಡೆಸ್ಮೊನೆಮ ಎಂದು ಕರೆದ ಆ ಅಂಬಲಿಮೀನು ಈಗ ಸಯಾನಿಯ ಎಂಬ ಕುಲಕ್ಕೆ ಸೇರಿದೆ. ಆದರೆ ಪ್ರಾಣಿಗಳ ನಾಮಕರಣದಲ್ಲಿ ಒಂದು ನಿಯಮವುಂಟು: ಕುಲದ ಹೆಸರು ಬದಲಾದರೂ ಮೊದಲು ಇಟ್ಟ ಜಾತಿಯ ಹೆಸರು ಹಾಗೆಯೇ ಉಳಿಯಬೇಕು. ಅದರಂತೆ ಇಂದಿಗೂ ಅದು ಸಯಾನಿಯ ಅನ್ನಾಸೇಥೆ. ಹೆಕೆಲನ ಸಿದ್ಧಾಂತವನ್ನು ಒಪ್ಪದವನೂ, ಆತನ ಚಿತ್ರಗಳನ್ನು ಶಂಕಿಸುವವನೂ ಆ ಜೀವಿಯನ್ನು ಕುರಿತು ಬರೆಯಬೇಕಾದರೆ, 1864ರ ಫೆಬ್ರವರಿಯಲ್ಲಿ ಯೇನಾದಲ್ಲಿ ತೀರಿಕೊಂಡ ಹೆಣ್ಣುಮಗಳ ಹೆಸರನ್ನು ಬರೆದೇ ಮುಂದೆ ಹೋಗಬೇಕು.